ಹಾಸು ಹೊದಿಕೆಯ ಬೀರು: ಗೌರಿ ಹಬ್ಬದಿಂದ ದೀಪಾವಳಿಯವರೆಗೆ

ಒಂದು ಭಾನುವಾರದ ಕೆಲಸ ಅಂದುಕೊಂಡು ಶುರು ಮಾಡಿದ್ದು. ಎಂಟು ವಾರ ಹಿಡಿಯಿತು. ನಮ್ಮ ಮನೆಯ ಬೆಡ್‌ಶೀಟು, ಟವೆಲು, ಕಂಬಳಿ, ಕೌದಿ ಎಲ್ಲಾ ತುಂಬಿಟ್ಟಿದ್ದ ಗೋಡೆ ಬೀರು ಈಗ ಒಂದು ಹದಕ್ಕೆ ಬಂದಿದೆ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಯಾಕೆಂದರೆ ಕೈ ಹಾಕುವ ಮೊದಲು ಯಾರಾದರೂ ಒಂದು ಮಾತು ಹೇಳಿದ್ದರೆ ನನಗೆ ದುಡ್ಡೂ ಉಳಿಯುತ್ತಿತ್ತು, ದಿನವೂ ಉಳಿಯುತ್ತಿತ್ತು. ಮೊದಲು ತೇವ ನೋಡಬೇಕು. ಆಮೇಲೆ ಅಳತೆ. ಮಡಚುವುದು ಕಟ್ಟಕಡೆಯ ಕೆಲಸ. ನಾನು ಮಡಚುವುದರಿಂದ ಶುರು ಮಾಡಿದೆ.

ನಮ್ಮದು ಶಿವಮೊಗ್ಗ. ಮನೆಗೆ 28 ವರ್ಷ. ನಾನು, ನಮ್ಮವರು, 79 ವರ್ಷದ ಅತ್ತೆ. ಮಗಳು ಹಾಸ್ಟೆಲಿನಲ್ಲಿದ್ದಾಳೆ. ಮಧ್ಯದ ಕೋಣೆಯ ಗೋಡೆಯಲ್ಲೇ ಕೂರಿಸಿರುವ ಮರದ ಬೀರು, ಆರು ಅಡಿ ಎತ್ತರ, ಐದು ಹಲಗೆ. ಅದರ ಬೆನ್ನಿಗೆ ಬಚ್ಚಲುಮನೆ. ಈ ಕೊನೆಯ ವಾಕ್ಯ ನೆನಪಿಟ್ಟುಕೊಳ್ಳಿ. ನನಗೆ ಅದು ಹೊಳೆದದ್ದು ಮೂರು ವಾರ ಕಳೆದ ಮೇಲೆ.

ಗೌರಿ ಹಬ್ಬದ ಹಿಂದಿನ ರಾತ್ರಿ ನಾದಿನಿ ಮನೆಯವರು ಹುಬ್ಬಳ್ಳಿಯಿಂದ ಬಂದರು. ಐದು ಜನ, ಜೊತೆಗೆ ನಾದಿನಿಯ ಮೊಮ್ಮಗು, ನಾಲ್ಕು ತಿಂಗಳ ಕೂಸು. ಊಟ ಮುಗಿದಾಗ ಹತ್ತೂವರೆ. ಹೊರಗೆ ಒಂದೇ ಸಮನೆ ಮಳೆ. ಹಾಸಲು ಬೆಡ್‌ಶೀಟ್ ತೆಗೆಯೋಣ ಅಂತ ಬೀರು ತೆರೆದರೆ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಒಂದನ್ನು ಎಳೆದರೆ ನಾಲ್ಕು ಜಾರಿ ನೆಲಕ್ಕೆ ಬಿದ್ದವು. ಮೊದಲನೆಯದು ದೊಡ್ಡ ಮಂಚಕ್ಕೆ ಗಿಡ್ಡ. ಎರಡನೆಯದರ ಮಡಿಕೆ ಬಿಚ್ಚಿದರೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಮೂರನೆಯದು ಚೆನ್ನಾಗಿತ್ತು, ಅದರ ದಿಂಬಿನ ಕವರ್ ಮಾತ್ರ ಸಿಗಲಿಲ್ಲ. 'ಇರಲಿ ಬಿಡಿ ಅತ್ತಿಗೆ, ಒಂದು ರಾತ್ರಿ ತಾನೆ' ಅಂತ ನಾದಿನಿ ಸಮಾಧಾನ ಮಾಡಿದಳು. ಆದರೆ ಕೂಸನ್ನು ಮಲಗಿಸುವಾಗ ತನ್ನ ಬ್ಯಾಗಿನಿಂದ ಶಾಲು ತೆಗೆದು ಹಾಸಿದಳು. ಅವಳು ಮಾಡಿದ್ದು ಸರಿ. ಆದರೂ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೀರು ತುಂಬಾ ಬಟ್ಟೆ ಇಟ್ಟುಕೊಂಡು ಬಂದ ಮಗುವಿಗೆ ಒಂದು ಒಳ್ಳೆಯ ಹಾಸು ಕೊಡಲಾಗಲಿಲ್ಲವಲ್ಲ ಅಂತ.

ಹಬ್ಬ ಮುಗಿದ ಭಾನುವಾರವೇ ಪೇಟೆಗೆ ಹೋದೆ. ಆರು ಪ್ಲಾಸ್ಟಿಕ್ ಬುಟ್ಟಿ, ಹಲಗೆಯ ನಡುವೆ ನಿಲ್ಲಿಸುವ ಎರಡು ಅಡ್ಡಪಟ್ಟಿ, ಗಾಳಿ ಹೀರಿ ಚಪ್ಪಟೆ ಮಾಡುವ ನಾಲ್ಕು ಚೀಲ. ಒಟ್ಟು ₹2,340. ಇಡೀ ದಿನ ಕೂತು ಮಡಚಿದೆ. ಟವೆಲುಗಳನ್ನು ಸುರುಳಿ ಸುತ್ತಿದೆ. ಕಂಬಳಿಗಳನ್ನು ಚೀಲಕ್ಕೆ ಹಾಕಿ ಗಾಳಿ ತೆಗೆದೆ. ಸಂಜೆಗೆ ನೋಡಲು ಅಂಗಡಿಯ ಹಾಗೆ ಕಾಣುತ್ತಿತ್ತು. ಹನ್ನೆರಡನೇ ದಿನಕ್ಕೆ ಅದೇ ವಾಸನೆ ಮತ್ತೆ ಬಂತು. ಬುಟ್ಟಿಗಳ ಹಿಂಬದಿಯಲ್ಲಿದ್ದ ಟವೆಲುಗಳು ಮುಟ್ಟಿದರೆ ತಣ್ಣಗೆ. ಚೀಲದೊಳಗಿನ ಒಂದು ಕಂಬಳಿಗೆ ಬಿಳಿ ಬೂಷ್ಟು ಕಟ್ಟಿತ್ತು. ಗಾಳಿ ತೆಗೆಯುವ ಚೀಲ ಒಣ ಬಟ್ಟೆಗೆ ಸರಿ. ಸ್ವಲ್ಪ ತೇವ ಇದ್ದರೂ ಆ ತೇವವನ್ನು ಒಳಗೇ ಕೂಡಿ ಹಾಕಿದ ಹಾಗೆ. ಮಲೆನಾಡಿನ ಮಳೆಗಾಲದಲ್ಲಿ ಅದನ್ನು ದಯವಿಟ್ಟು ಬಳಸಬೇಡಿ.

ಆಮೇಲೆ ಕಾದದ್ದು ಬಿಸಿಲಿಗೆ. ಬೀರು ಪೂರ್ತಿ ಖಾಲಿ ಮಾಡಬೇಕಾದರೆ ಎರಡು ದಿನದ ಬಿಸಿಲು ಬೇಕೇ ಬೇಕು. ಇಲ್ಲದಿದ್ದರೆ ಬಟ್ಟೆಯ ಗುಡ್ಡೆ ಹಾಲಿನಲ್ಲೇ ಕೂರುತ್ತದೆ, ಮನೆಯಲ್ಲಿ ಜಗಳ ಶುರುವಾಗುತ್ತದೆ. ಸೆಪ್ಟೆಂಬರ್ ನಡುವಿನಲ್ಲಿ ಒಂದು ಶನಿವಾರ ಮೋಡ ಬಿಟ್ಟಿತು. ಮಾರನೇ ದಿನ ಬೆಳಗ್ಗೆ ಏಳಕ್ಕೇ ಶುರು ಮಾಡಿದೆವು. ನಾನು ತೆಗೆದು ಕೊಡುವುದು, ನಮ್ಮವರು ಮಂಚದ ಮೇಲೆ ಬೇರೆ ಬೇರೆ ಗುಂಪು ಮಾಡುವುದು, ಅತ್ತೆ ಕುರ್ಚಿಯಲ್ಲಿ ಕೂತು ಎಣಿಸುವುದು. ಲೆಕ್ಕವನ್ನು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದೆ. ಬೆಡ್‌ಶೀಟ್ 27. ದಿಂಬಿನ ಕವರ್ 34, ಮನೆಯಲ್ಲಿರುವ ದಿಂಬು ಎಂಟು. ಟವೆಲ್ 22. ರಗ್ಗು ಆರು. ಕಂಬಳಿ ನಾಲ್ಕು. ಕೌದಿ ಮೂರು. ನವಲಗುಂದದ ಒಂದು ಜಮಖಾನ. ಬಾಡಿಗೆ ಮನೆಯಲ್ಲಿದ್ದಾಗಿನ ಪರದೆಗಳು ಒಂದು ಗಂಟು. ಎಣಿಸುವುದು ಸುಮ್ನೆ ಅಲ್ಲ. 34 ಮತ್ತು ಎಂಟು ಅನ್ನುವ ಎರಡು ಅಂಕಿ ಪಕ್ಕಪಕ್ಕದಲ್ಲಿ ಬರೆದಾಗಲೇ ಅತ್ತೆಗೂ ನನಗೂ ವಿಷಯ ಅರ್ಥವಾಯಿತು. ಮಾತಿನಲ್ಲಿ ಹೇಳಿದ್ದರೆ ಇಬ್ಬರಿಗೂ ಬೇಸರ ಆಗುತ್ತಿತ್ತು.

ಒಂದು ಎಚ್ಚರಿಕೆ. ಪ್ರತಿ ಮಡಿಕೆಯನ್ನೂ ಬಿಚ್ಚಿ ಕೊಡವಿ. ಹಲಗೆಗೆ ಹಾಸಿದ ಪೇಪರ್ ಕೆಳಗೂ ನೋಡಿ. ಎರಡನೇ ಹಲಗೆಯ ಪೇಪರ್ ಎತ್ತಿದರೆ ಒಂದು ಕವರ್. ಒಳಗೆ 2,000 ರೂಪಾಯಿಯ ನಾಲ್ಕು ನೋಟು, ಹಳೆಯ 500ರ ಎರಡು ನೋಟು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಮೊಮ್ಮಗಳಿಗೆ ಅಂತ ಪಿಂಚಣಿಯೊಳಗ ತೆಗೆದಿಟ್ಟಿದ್ದೆ, ಮರ್ತೇಬಿಟ್ಟೆ' ಅಂದರು. ಮರೆತದ್ದಕ್ಕೇ ಅವರಿಗೆ ಜಾಸ್ತಿ ಸಂಕಟ. ಹಳೆಯ 500ರ ನೋಟು 2016ರ ನವೆಂಬರ್ 8ರಂದೇ ರದ್ದಾಯಿತು, ಬದಲಾಯಿಸುವ ಕಾಲ ಮುಗಿದು ಹೋಗಿದೆ. ರದ್ದಾದ ಹಳೆಯ ನೋಟುಗಳು ಎಲ್ಲಾ ಸೇರಿ ಹತ್ತರವರೆಗೆ ಇಟ್ಟುಕೊಳ್ಳಲು ಕಾನೂನಿನ ಅಡ್ಡಿ ಇಲ್ಲ, ಅದಕ್ಕಿಂತ ಹೆಚ್ಚು ಇದ್ದರೆ ತಪ್ಪಾಗುತ್ತದೆ. 2,000ದ ನೋಟಿನ ಕಥೆ ಬೇರೆ. ಅದನ್ನು ಚಲಾವಣೆಯಿಂದ ಹಿಂದಕ್ಕೆ ಪಡೆಯುವುದಾಗಿ ರಿಸರ್ವ್ ಬ್ಯಾಂಕ್ ಹೇಳಿದ್ದು 2023ರ ಮೇ 19ರಂದು. ನಮ್ಮ ನಿಮ್ಮ ಬ್ಯಾಂಕಿನಲ್ಲಿ ತೆಗೆದುಕೊಂಡದ್ದು ಆ ವರ್ಷದ ಅಕ್ಟೋಬರ್ 7ರವರೆಗೆ ಮಾತ್ರ. ಆಮೇಲೂ ರಿಸರ್ವ್ ಬ್ಯಾಂಕಿನ 19 ಕಚೇರಿಗಳಲ್ಲಿ ಕೊಡಬಹುದು, ಅದರಲ್ಲಿ ಬೆಂಗಳೂರೂ ಒಂದು. ಅಲ್ಲಿಗೇ ಹೋಗಬೇಕೆಂದಿಲ್ಲ, ಅಂಚೆಯಲ್ಲಿ ವಿಮೆ ಮಾಡಿಸಿ ಕಳಿಸಿದರೆ ಹಣ ನೇರ ಖಾತೆಗೆ ಬರುತ್ತದೆ. ನಾವು ಹಾಗೇ ಮಾಡಿದೆವು. ಅರ್ಜಿ, ಅತ್ತೆಯ ಆಧಾರ್ ಪ್ರತಿ, ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ ನೋಟಿನ ಜೊತೆಗಿಟ್ಟೆವು. ನೋಟಿನ ನಂಬರ್‌ಗಳನ್ನು ಬರೆದ ಒಂದು ಚೀಟಿ ನಮ್ಮ ಬಳಿ ಇಟ್ಟುಕೊಂಡೆವು. ಕಳಿಸುವ ಮೊದಲು ಎಲ್ಲದರ ಫೋಟೋ ತೆಗೆದಿಟ್ಟುಕೊಂಡೆವು. ಹತ್ತೊಂಬತ್ತು ದಿನಕ್ಕೆ ಅತ್ತೆಯ ಖಾತೆಗೆ 8,000 ರೂಪಾಯಿ ಬಂತು. ಆ ಹತ್ತೊಂಬತ್ತು ದಿನವೂ ಬೆಳಗ್ಗೆ ಕಾಫಿ ಕುಡಿಯುವಾಗ 'ಬಂತಾ?' ಅಂತ ಕೇಳುತ್ತಿದ್ದರು.

ಈಗ ಬೀರಿನ ಬೆನ್ನಿಗೆ ಬರೋಣ. ಖಾಲಿ ಆದಮೇಲೆ ಟಾರ್ಚ್ ಹಾಕಿ ನೋಡಿದರೆ ಹಿಂಬದಿಯ ಪ್ಲೈವುಡ್ ಕೆಳಗಿನ ಎರಡು ಹಲಗೆಯಷ್ಟು ಎತ್ತರಕ್ಕೆ ಕಪ್ಪಾಗಿತ್ತು. ಬೆರಳಲ್ಲಿ ಒತ್ತಿದರೆ ನೆನೆದ ರಸ್ಕಿನ ಹಾಗೆ ಒಳಗೆ ಹೋಯಿತು. ಮಳೆಗಾಲದ ಗಾಳಿಯ ತೇವವೋ, ಗೋಡೆಯದೋ? ಇದನ್ನು ತಿಳಿಯಲು ಒಂದು ಸುಲಭದ ದಾರಿ ಇದೆ. ಪ್ಲೈವುಡ್ ತೆಗೆಸಿ, ಗೋಡೆಗೆ ಒಂದು ಅಡಿ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿ. ಒಂದು ದಿನ ಬಿಡಿ. ಹನಿಗಳು ಹಾಳೆಯ ಹೊರಮೈಯಲ್ಲಿ ಕಂಡರೆ ತೇವ ಕೋಣೆಯ ಗಾಳಿಯದು. ಒಳಮೈಯಲ್ಲಿ, ಗೋಡೆಯ ಕಡೆ ಕಂಡರೆ ಗೋಡೆಯದು. ನಮ್ಮಲ್ಲಿ ಒಳಮೈ ಪೂರ್ತಿ ಬೆವರಿತ್ತು. ನಾನು ತೇವದ ಕಲೆಯ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ತಾರೀಕು ಬರೆದೆ. ಮೂರು ದಿನದಲ್ಲಿ ಕಲೆ ಗೆರೆ ದಾಟಿತು. ಆ ಮೂರು ದಿನ ಮಳೆಯೇ ಇರಲಿಲ್ಲ. ಅಂದರೆ ಮಳೆಯದ್ದಲ್ಲ, ಬಚ್ಚಲಿನದ್ದು.

ಮೊದಲು ಬಂದ ಪ್ಲಂಬರ್ ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಹೊಡೆಸಿಬಿಡಿ ಸಾಕು ಅಂದ. ನಮ್ಮವರಿಗೂ ಅದು ಸುಲಭ ಅನ್ನಿಸಿತು. ನಾನು ಒಪ್ಪಲಿಲ್ಲ. ನೀರು ಬರುವ ದಾರಿ ಮುಚ್ಚದೆ ಮೇಲೆ ಬಣ್ಣ ಹೊಡೆದರೆ ಆರು ತಿಂಗಳಿಗೆ ಅದು ಹಪ್ಪಳದ ಹಾಗೆ ಏಳುತ್ತದೆ. ಅಕ್ಕನ ಮನೆಯಲ್ಲಿ ನೋಡಿದ್ದೇನೆ. ಎರಡನೆಯವನಿಗೆ ಫೋನ್ ಮಾಡಿ ಆರು ದಿನ ಕಾದೆವು. ಅವನು ಪೆನ್ಸಿಲ್ ಗೆರೆ ನೋಡಿ, ಬೆಳಗ್ಗೆ ಸ್ನಾನ ಎಷ್ಟು ಗಂಟೆಗೆ, ತೇವ ಜಾಸ್ತಿ ಕಾಣುವುದು ಎಷ್ಟು ಗಂಟೆಗೆ ಅಂತೆಲ್ಲಾ ಕೇಳಿದ. ಗೀಸರಿನಿಂದ ನಲ್ಲಿಗೆ ಬರುವ ಬಿಸಿನೀರಿನ ಪೈಪಿನ ಕೂಡುಗಂಟು ಸೋರುತ್ತಿತ್ತು. ಎರಡು ಟೈಲ್ ಒಡೆದು ಸರಿಮಾಡಿದ. ಕೂಲಿ, ಸಾಮಾನು, ಟೈಲ್ ಸೇರಿ ₹4,800. ಟೈಲ್ ಮುಚ್ಚುವ ಮೊದಲು ಪೈಪ್ ಎಲ್ಲಿ ಹೋಗಿದೆ ಅಂತ ಅಳತೆ ಟೇಪ್ ಇಟ್ಟು ಫೋಟೋ ತೆಗೆಯಿರಿ. ಮುಂದೆ ಗೋಡೆಗೆ ಮೊಳೆ ಹೊಡೆಯುವವರಿಗೂ ಬೇಕಾಗುತ್ತದೆ.

ಸೋರುವುದು ನಿಂತ ಕೂಡಲೇ ಗೋಡೆ ಒಣಗುವುದಿಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ಬಾಗಿಲು ತೆರೆದು, ಹಗಲೆಲ್ಲಾ ಟೇಬಲ್ ಫ್ಯಾನ್ ಹಾಕಿ ಬಿಟ್ಟೆವು. ಬೂಷ್ಟು ಹಿಡಿದ ಹಲಗೆಗಳನ್ನು ಮಾಸ್ಕ್, ಗ್ಲೌಸ್ ಹಾಕಿಕೊಂಡು ಸೋಪಿನ ನೀರಿನಲ್ಲಿ ಒರೆಸಿ ಬಿಸಿಲಿಗಿಟ್ಟೆ. ಒಣಗಿದ ಬೂಷ್ಟನ್ನು ಪೊರಕೆಯಿಂದ ಗುಡಿಸಬೇಡಿ, ಮನೆಯೆಲ್ಲಾ ಹಾರುತ್ತದೆ. ಬ್ಲೀಚಿಂಗ್ ನೀರು ಬಳಸುವುದಾದರೆ ಅದಕ್ಕೆ ವಿನಿಗರ್ ಬೆರೆಸಲೇಬೇಡಿ. ಎರಡೂ ಸೇರಿದರೆ ವಿಷದ ಗಾಳಿ ಬರುತ್ತದೆ.

ಗೋಡೆ ಒಣಗುವಷ್ಟರಲ್ಲಿ ಬಟ್ಟೆಯ ಕೆಲಸ. ಇಲ್ಲಿ ನನಗೆ ಸಿಕ್ಕ ದೊಡ್ಡ ಉತ್ತರ ಅಳತೆಯದು. ಬೆಡ್‌ಶೀಟುಗಳೆಲ್ಲಾ ಯಾಕೆ ಗಿಡ್ಡವಾದವು? ಮೂರು ವರ್ಷದ ಹಿಂದೆ ಹಳೆಯ ನಾಲ್ಕು ಇಂಚಿನ ಹತ್ತಿ ಹಾಸಿಗೆ ತೆಗೆದು ಎಂಟು ಇಂಚಿನ ಫೋಮ್ ಹಾಸಿಗೆ ತಂದಿದ್ದೆವು. ಮಂಚ ಅದೇ, 78 ಇಂಚು ಉದ್ದ, 72 ಅಗಲ. ಮೊದಲು ಅಗಲ 72, ಎರಡು ಪಕ್ಕ ನಾಲ್ಕು ನಾಲ್ಕು, ಒಳಗೆ ಮಡಚಲು ಆರು ಆರು, ಒಟ್ಟು 92 ಇಂಚು ಸಾಕಾಗುತ್ತಿತ್ತು. ಈಗ ಅದೇ ಲೆಕ್ಕಕ್ಕೆ 100 ಬೇಕು. ಉದ್ದಕ್ಕೆ 106. ಅಂಗಡಿಯಲ್ಲಿ ಡಬಲ್ ಅಂತ ಕೊಡುವುದು ಸಾಮಾನ್ಯವಾಗಿ 90x100 ಇಂಚು. ಅದೂ ಹತ್ತಿಯದ್ದಾದರೆ ಮೊದಲ ಒಗೆತಕ್ಕೆ ನೂರಕ್ಕೆ ಮೂರರಿಂದ ಐದು ಇಂಚು ಕುಗ್ಗುತ್ತದೆ. ನನ್ನ 90x100 ಒಂದನ್ನು ಅಳೆದರೆ 87x96 ಇತ್ತು. ಅದು ಈ ಹಾಸಿಗೆಗೆ ಯಾವತ್ತೂ ಸರಿಹೋಗುವುದಿಲ್ಲ. ನಮಗೆ ಬೇಕಾದದ್ದು 108x108. ಮೂರು ವರ್ಷ ದಿನಾ ಬೆಳಗ್ಗೆ ಕಿತ್ತು ಬರುವ ಬೆಡ್‌ಶೀಟನ್ನು ಸಿಕ್ಕಿಸಿದ್ದೇನೆ. ಟೇಪ್ ಹಿಡಿದು ಎರಡು ನಿಮಿಷ ಅಳೆದಿದ್ದರೆ ಆಗುತ್ತಿತ್ತು. ನೀವು ಹೊಸ ಬೆಡ್‌ಶೀಟ್ ತರುವ ಮೊದಲು ಹಾಸಿಗೆಯ ದಪ್ಪವನ್ನೂ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಉದ್ದ ಅಗಲ ಎಲ್ಲರೂ ಹೇಳುತ್ತಾರೆ, ದಪ್ಪ ಯಾರೂ ಕೇಳುವುದಿಲ್ಲ.

ಅಳತೆ ಆದದ್ದಕ್ಕೆ ಗುರುತು ಬೇಕಲ್ವಾ? ಅಂಗಡಿಯ ಚೀಟಿ ಒಗೆತಕ್ಕೆ ಅಳಿಸಿ ಹೋಗುತ್ತದೆ. ಪೆನ್ನಿನಲ್ಲಿ ಬರೆದರೂ ಅಷ್ಟೇ. ಅತ್ತೆ ಒಂದು ಉಪಾಯ ಹೇಳಿದರು. ಅವರ ತವರು ರಾಣೆಬೆನ್ನೂರಿನ ಕಡೆ. ಕೂಡು ಕುಟುಂಬದಲ್ಲಿ ಯಾರ ಹೊದಿಕೆ ಯಾರದು ಅಂತ ತಿಳಿಯಲು ಮೂಲೆಗೆ ಬಣ್ಣದ ದಾರದಲ್ಲಿ ಗಂಟು ಹಾಕುತ್ತಿದ್ದರಂತೆ. ನಾವೂ ದಪ್ಪ ಕೆಂಪು ದಾರದಲ್ಲಿ ಒಂದು ಮೂಲೆಗೆ ಗಂಟು ಹೊಲಿದೆವು. ಸಿಂಗಲ್ ಮಂಚದ್ದಕ್ಕೆ ಒಂದು ಗಂಟು, ದೊಡ್ಡ ಮಂಚದ್ದಕ್ಕೆ ಎರಡು. ಮಡಚುವಾಗ ಆ ಮೂಲೆ ಹೊರಗೆ ಬರುವ ಹಾಗೆ ಮಡಚಬೇಕು.

ಇನ್ನು ಯಾವುದು ಇರಬೇಕು, ಯಾವುದು ಹೋಗಬೇಕು. ಇದು ಬಟ್ಟೆಯ ಪ್ರಶ್ನೆ ಅಂದುಕೊಂಡರೆ ಆಗುವುದಿಲ್ಲ. ಆ ಬೀರು 28 ವರ್ಷ ಅತ್ತೆಯ ಕೈಯಲ್ಲಿತ್ತು. ನಾನು ಒಂದೊಂದೇ ಎತ್ತಿ ತೋರಿಸುತ್ತಿದ್ದೆ, ಅವರು ಹೇಳುತ್ತಿದ್ದರು. ಮೊದಲ ದಿನ ಹದಿನೈದಕ್ಕೆ ಹದಿನೈದೂ 'ಇರಲಿ' ಆಯಿತು. ನಾನು ಒತ್ತಾಯ ಮಾಡಲಿಲ್ಲ. ಎರಡನೇ ದಿನ ಪ್ರಶ್ನೆ ಬದಲಾಯಿಸಿದೆ. 'ಅತ್ತೆ, ಇದು ಬೇಕಾ' ಅನ್ನುವ ಬದಲು 'ಅತ್ತೆ, ಇದನ್ನ ಯಾವ ಮಂಚಕ್ಕೆ ಹಾಸೋಣ' ಅಂದೆ. ಉತ್ತರ ಇಲ್ಲದ್ದನ್ನು ಅವರೇ ಪಕ್ಕಕ್ಕೆ ಸರಿಸಿದರು.

ಮೂರನೇ ದಿನ ಒಂದು ಎಡವಟ್ಟಾಯಿತು. ಎಳೆ ಬಿಟ್ಟುಹೋದ ಹಳೆಯ ಟವೆಲುಗಳ ಗಂಟು ಜಗುಲಿಯಲ್ಲಿತ್ತು. ಕೆಲಸಕ್ಕೆ ಬರುವ ಅಕ್ಕ 'ಇದೇನು ಮಾಡ್ಲಿ ಅಮ್ಮ' ಅಂತ ಕೇಳಿದ್ದಕ್ಕೆ ಅತ್ತೆ 'ಅವನ್ನ ಒಗದುಬಿಡು' ಅಂದರು. ಅವರ ಕಡೆ ಒಗೆ ಅಂದರೆ ಎಸೆ ಅಂತಲೂ ಅರ್ಥ. ನಮ್ಮ ಕಡೆ ಒಗೆ ಅಂದರೆ ಒಗೆಯುವುದು ಅಷ್ಟೇ. ಆಕೆ ಪಾಪ ಹನ್ನೊಂದು ಹರಕು ಟವೆಲನ್ನೂ ಸೋಪು ಹಚ್ಚಿ ಕುಕ್ಕಿ ಒಗೆದು ಸಾಲಾಗಿ ಒಣಹಾಕಿದ್ದಳು. ಅತ್ತೆ ಅವಳ ಕೈ ಹಿಡಿದುಕೊಂಡು 'ನಂದೇ ತಪ್ಪು ಬೇ' ಅಂದರು. ಹೇಗೂ ಶುಭ್ರವಾಗಿದ್ದವು. ಬೀದಿನಾಯಿಗಳನ್ನು ನೋಡಿಕೊಳ್ಳುವ ಒಂದು ಕಡೆ ಹಳೆಯ ಟವೆಲು ಬೇಕು ಅನ್ನುತ್ತಾರೆ ಅಂತ ಗೊತ್ತಿತ್ತು, ಅಲ್ಲಿಗೆ ಕೊಟ್ಟೆವು. ಪರದೆ ಮತ್ತು ಒಂಬತ್ತು ಬೆಡ್‌ಶೀಟು ಬಟ್ಟೆಗೆ ಪಾತ್ರೆ ಕೊಡುವವರಿಗೆ ಹೋದವು, ಒಂದು ದೊಡ್ಡ ಸ್ಟೀಲ್ ಡಬ್ಬಿ ಬಂತು. ಮೆತ್ತಗಾದ ಹತ್ತಿಯದ್ದನ್ನು ಕೊಡಬೇಡಿ. ಕೈವಸ್ತ್ರದಷ್ಟು ಕತ್ತರಿಸಿಟ್ಟರೆ ಅಡುಗೆಮನೆಗೆ ಅದಕ್ಕಿಂತ ಒಳ್ಳೆಯ ಒರೆಸುವ ಬಟ್ಟೆ ಇಲ್ಲ.

ಮೂರು ಕೌದಿಗಳ ವಿಷಯದಲ್ಲಿ ಪ್ರಶ್ನೆಯೇ ಬರಲಿಲ್ಲ. ಅತ್ತೆ ಒಂದನ್ನು ಮಂಚದ ಮೇಲೆ ಪೂರ್ತಿ ಹರಡಿಸಿದರು. ಕನ್ನಡಕ ಹಾಕಿಕೊಂಡು ತುಂಡಿನಿಂದ ತುಂಡಿಗೆ ಬೆರಳು ಸರಿಸಿದರು. ಈ ಹಸಿರು ಅವರ ಅವ್ವನ ಸೀರೆ. ಈ ನೀಲಿ ಚೌಕಡಿ ಅಣ್ಣನ ಲುಂಗಿ. ನಡುವಿನಲ್ಲಿ ಕೆಂಪು ಬಿಳಿಯ ಹಲ್ಲು ಹಲ್ಲಿನ ಒಂದು ತುಂಡು, ಇಳಕಲ್ ಸೀರೆಯ ಟೋಪ್ ತೆನಿ ಸೆರಗು. ಅದು ಅವರ ಮದುವೆಯ ವರ್ಷದ್ದು. ಆ ತುಂಡಿನ ಅಂಚನ್ನೇ ಹುಳು ತಿಂದಿತ್ತು, ಒಳಗಿನ ಪದರದ ಬಟ್ಟೆ ಕಾಣುತ್ತಿತ್ತು. ಅವರು ಮಾತಾಡಲಿಲ್ಲ. ಹೆಬ್ಬೆರಳಿನಲ್ಲಿ ಆ ತೂತಿನ ಸುತ್ತ ಸವರುತ್ತಿದ್ದರು. ಕೌದಿಯನ್ನು ಕೆಳಗಿನ ಹಲಗೆಯಲ್ಲಿ, ಗೋಡೆಗೆ ಆನಿಸಿ ಇಟ್ಟದ್ದು ನಾನೇ. ಹತ್ತು ವರ್ಷ ಬಿಚ್ಚಿ ನೋಡಿರಲಿಲ್ಲ. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ನೋವಾದದ್ದು ಆ ಹೊತ್ತು. ಮರುದಿನದಿಂದ ನಾನು ಸೂಜಿಗೆ ದಾರ ಪೋಣಿಸಿ ಕೊಡುವುದು, ಅವರು ಕಿಟಕಿಯ ಬೆಳಕಿಗೆ ಕೂತು ಹೊಲಿಯುವುದು. ದಿನಕ್ಕೆ ಒಂದು ಗೇಣಿನಷ್ಟು. ನಾಲ್ಕು ದಿನದಲ್ಲಿ ತೂತು ಮುಚ್ಚಿತು.

ಒಗೆಯುವ ಬಗ್ಗೆ. ಕೌದಿಯನ್ನು ಮೆಷಿನ್ನಿಗೆ ಹಾಕಬೇಡಿ. ಪದರ ಪದರ ಸೀರೆ, ನೆನೆದರೆ ಒಬ್ಬರಿಂದ ಎತ್ತಲು ಆಗುವುದಿಲ್ಲ. ಇಬ್ಬರು ಬೇಕು, ಹಿಂಡದೆ ಕಟ್ಟೆಯ ಮೇಲೆ ನೀರು ಇಳಿಯಲು ಬಿಡಬೇಕು, ಆಮೇಲೆ ಎರಡೂ ಮಗ್ಗುಲಿಗೆ ಒಂದೊಂದು ದಿನ ಬಿಸಿಲು. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ತೇವ ಇರುತ್ತದೆ, ಕೆನ್ನೆಗೆ ಒತ್ತಿ ನೋಡಿದರೆ ಗೊತ್ತಾಗುತ್ತದೆ. ಉಣ್ಣೆಯ ಕಂಬಳಿಗೆ ತಣ್ಣೀರು ಮತ್ತು ಅಂಟುವಾಳದ ನೊರೆ ಸಾಕು. ಬಿಸಿನೀರಿಗೆ ಹಾಕಿದರೆ ಉಣ್ಣೆ ಗಟ್ಟಿಯಾಗಿ ಕುಗ್ಗುತ್ತದೆ. ಜಮಖಾನವನ್ನು ಮಡಚದೆ ಸುರುಳಿ ಸುತ್ತಿಡಿ, ಮಡಿಕೆ ಬಿದ್ದಲ್ಲೇ ನೂಲು ಸವೆಯುತ್ತದೆ. ಟವೆಲು ಮೆತ್ತಗಾಗಲಿ ಅಂತ ಹಾಕುವ ದ್ರವ ನಿಲ್ಲಿಸಿದ್ದೇನೆ, ಅದರಿಂದ ಟವೆಲು ನೀರು ಹೀರುವುದು ಕಡಿಮೆ ಆಗುತ್ತದೆ.

ನುಸಿ ಗುಳಿಗೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಾವು ವರ್ಷಗಟ್ಟಲೆ ಪ್ರತಿ ಹಲಗೆಗೆ ನಾಲ್ಕು ಗುಳಿಗೆ ಹಾಕುತ್ತಿದ್ದೆವು. ಕೂಸು ಬಂದು ಹೋದ ಮೇಲೆ ಮಕ್ಕಳ ಡಾಕ್ಟರ್ ಹತ್ತಿರ ಕೇಳಿದೆ. ನ್ಯಾಫ್ತಲಿನ್ ಗುಳಿಗೆಯಲ್ಲಿ ಇಟ್ಟ ಬಟ್ಟೆಯನ್ನು ನೇರವಾಗಿ ಎಳೆ ಮಗುವಿಗೆ ಹೊದಿಸಲೇಬಾರದು ಅಂದರು. ಜಿ-ಸಿಕ್ಸ್-ಪಿಡಿ ಅನ್ನುವ, ರಕ್ತಕಣಗಳನ್ನು ಕಾಪಾಡುವ ಕಿಣ್ವದ ಕೊರತೆ ಹುಟ್ಟಿನಿಂದ ಇರುವ ಮಗುವಾದರೆ ಗುಳಿಗೆಯ ಆವಿಗೆ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಏರುತ್ತದಂತೆ. ಆ ಕೊರತೆ ಇದೆಯೋ ಇಲ್ಲವೋ ಮನೆಯವರಿಗೆ ಗೊತ್ತಿರುವುದಿಲ್ಲ. ಆ ರಾತ್ರಿ ನಾದಿನಿ ತನ್ನ ಶಾಲು ಹಾಸಿದ್ದಕ್ಕೆ ದೇವರಿಗೆ ಕೈ ಮುಗಿದೆ. ಇನ್ನೊಂದು, ಕೆಲವರು ಗುಳಿಗೆಯ ಜೊತೆ ಕರ್ಪೂರವನ್ನೂ ಇಡುತ್ತಾರೆ. ಎರಡೂ ತಾಗಿದರೆ ಕರಗಿ ನೀರಾಗಿ ಬಟ್ಟೆಗೆ ಕಲೆ ಹಿಡಿಯುತ್ತದೆ. ನಾವೀಗ ಗುಳಿಗೆ ಪೂರ್ತಿ ಬಿಟ್ಟಿದ್ದೇವೆ. ಬೇವಿನ ಸೊಪ್ಪನ್ನು ನೆರಳಲ್ಲಿ ಗರಿಗರಿ ಒಣಗಿಸಿ ತೆಳು ಬಟ್ಟೆಯ ಚೀಲದಲ್ಲಿ ಹೊಲಿದು ಇಟ್ಟಿದ್ದೇವೆ, ಜೊತೆಗೆ ಲಾವಂಚದ ಬೇರು. ಎರಡು ಮೂರು ತಿಂಗಳಿಗೊಮ್ಮೆ ಬದಲಾಯಿಸಬೇಕು. ಇದು ಗುಳಿಗೆಯಷ್ಟು ಜೋರಿಲ್ಲ. ಅದಕ್ಕೇ ಒಣಗಿದ ಬಟ್ಟೆ ಮಾತ್ರ ಒಳಗೆ ಹೋಗಬೇಕು, ಆಗಾಗ ಬಿಸಿಲು ತೋರಿಸಬೇಕು.

ಬಡಗಿಯನ್ನು ಸೆಪ್ಟೆಂಬರ್ ಕೊನೆಗೇ ಕರೆದಿದ್ದೆ. ನವರಾತ್ರಿ ಬಂತು. ಆಯುಧ ಪೂಜೆಗೆ ಹತ್ಯಾರ ಇಟ್ಟಮೇಲೆ ವಿಜಯದಶಮಿ ಕಳೆಯದೆ ಎತ್ತುವುದಿಲ್ಲ ಅಂದರು. ಅದು ಸರಿಯೇ, ಗೋಡೆಗೂ ಒಣಗಲು ಒಂದು ವಾರ ಜಾಸ್ತಿ ಸಿಕ್ಕಿತು. ಅವರಿಗೆ ಹೇಳಿದ್ದು ಮೂರೇ. ಹಿಂಬದಿಗೆ ಐಎಸ್ 710 ಗುರುತಿನ ವಾಟರ್‌ಪ್ರೂಫ್ ಪ್ಲೈವುಡ್. ಗೋಡೆಗೂ ಪ್ಲೈವುಡ್ಡಿಗೂ ನಡುವೆ ರೀಪು ಹೊಡೆದು ಒಂದು ಇಂಚು ಸಂದು. ಬಾಗಿಲಿಗೆ ಮೇಲೆ ಕೆಳಗೆ ಗಾಳಿ ಆಡಲು ತೂತು. ₹6,200 ಆಯಿತು. ಗೋಡೆಗೆ ಸುಣ್ಣ ಬಳಿಸಿದ್ದು ₹650.

ಕೊನೆಗೆ ಅಕ್ಟೋಬರ್ 12, ಭಾನುವಾರ, ಮಡಚಲು ಕೂತೆವು. ನಾಲ್ಕು ಗಂಟೆಯಲ್ಲಿ ಮುಗಿಯಿತು. ಪ್ರತಿ ಮಂಚಕ್ಕೆ ಮೂರು ಜೊತೆ. ಒಂದು ಹಾಸಿದ್ದು, ಒಂದು ಒಗೆಯಲು, ಒಂದು ಬೀರುವಿನಲ್ಲಿ. ಮೂರು ಸಾಕು ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಕಡೆ ಜುಲೈನಲ್ಲಿ ಒಂದು ಬೆಡ್‌ಶೀಟ್ ಒಣಗಲು ನಾಲ್ಕು ದಿನ ಬೇಕು, ಅದಕ್ಕೆ ನಾಲ್ಕನೆಯದೂ ಇರಲಿ. ಹೊಸದಾಗಿ 108x108ರ ಎರಡು ತಂದೆ, ₹2,900. ಬೆಡ್‌ಶೀಟು ಮತ್ತು ಒಂದು ದಿಂಬಿನ ಕವರನ್ನು ಅದರದ್ದೇ ಇನ್ನೊಂದು ಕವರಿನೊಳಗೆ, ದಾರದ ಗಂಟಿನ ಮೂಲೆ ಹೊರಗೆ ಇರುವ ಹಾಗೆ, ಹಾಕಿಟ್ಟಿದ್ದೇನೆ. ಈಗ ಎಳೆದರೆ ಒಂದು ಕಟ್ಟು ಮಾತ್ರ ಬರುತ್ತದೆ, ಜೊತೆ ತಪ್ಪುವುದಿಲ್ಲ. ಒಗೆದು ಬಂದದ್ದನ್ನು ಇಡುವುದು ಎಲ್ಲಕ್ಕಿಂತ ಕೆಳಗೆ, ತೆಗೆಯುವುದು ಮೇಲಿನಿಂದ. ಹಾಗೆ ಮಾಡಿದರೆ ಯಾವುದೂ ಹತ್ತು ವರ್ಷ ಅಡಿಯಲ್ಲೇ ಉಳಿಯುವುದಿಲ್ಲ. ಹಿಂದೆ ಎರಡು ಬೆರಳು ಜಾಗ ಬಿಟ್ಟಿದ್ದೇನೆ. ಕೌದಿಗಳು ಕೆಳಗಿನ ಹಲಗೆಯಿಂದ ಎದೆ ಎತ್ತರಕ್ಕೆ ಬಂದಿವೆ. ಪೇಪರ್ ಹಾಸಿಲ್ಲ, ಹಳೆಯ ಪಂಚೆ ಹಾಸಿದ್ದೇನೆ. ಪೇಪರಿಗೆ ಹುಳು ಬರುತ್ತದೆ.

ಚೀಲದ ಬಟ್ಟೆಯ ₹120 ಸೇರಿಸಿದರೆ ಒಟ್ಟು ಖರ್ಚು ₹17,010. ಬುಟ್ಟಿ, ಚೀಲಗಳ ₹2,340 ಬೇಕಿರಲಿಲ್ಲ. ನಿಮ್ಮಲ್ಲಿ ಗೋಡೆ ಸೋರದಿದ್ದರೆ ಟೇಪು, ದಾರ, ಬೇವಿನ ಸೊಪ್ಪಿನ ಖರ್ಚಿನಲ್ಲೇ ಮುಗಿಯಬಹುದು. ಆದರೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡದೆ ಸೋರುವುದಿಲ್ಲ ಅಂತ ತೀರ್ಮಾನ ಮಾಡಬೇಡಿ.

ಬಲಿಪಾಡ್ಯಮಿಗೆ ನಾದಿನಿ, ಅವಳ ಮಗಳು, ಕೂಸು ಮತ್ತೆ ಬಂದರು. ರಾತ್ರಿ ಮಲಗುವ ಹೊತ್ತಿಗೆ ಕರೆಂಟ್ ಹೋಯಿತು. ನಾನು ಅಡುಗೆಮನೆಯಲ್ಲಿ ಮೇಣದ ಬತ್ತಿ ಹುಡುಕುತ್ತಿದ್ದೆ. ಮಧ್ಯದ ಕೋಣೆಯಲ್ಲಿ ಬೀರಿನ ಬಾಗಿಲು ತೆರೆದ ಸದ್ದು. ಬತ್ತಿ ಹಿಡಿದು ಹೋಗಿ ನೋಡಿದರೆ ಅತ್ತೆ ಕತ್ತಲಲ್ಲೇ ನಿಂತು ಮೂಲೆ ಮೂಲೆ ಸವರಿ ನೋಡುತ್ತಿದ್ದರು. ಒಂದು ಕಟ್ಟನ್ನು ಎಳೆದು ನನ್ನ ಕೈಗಿಟ್ಟರು. 'ಎರಡು ಗಂಟಿಂದು. ದೊಡ್ಡ ಮಂಚಕ್ಕ ಹಾಸು' ಅಂದರು. ಆಮೇಲೆ ಮೇಲಿನ ಹಲಗೆಗೆ ಕೈ ಚಾಚಿ, ಹೊಲಿದ ಕೌದಿಯನ್ನು ತಾವೇ ಇಳಿಸಿಕೊಂಡು ಕೂಸಿನ ಹತ್ತಿರ ಹೋದರು.